ಒಂದು ಬೊಗಸಿ ತೊಗರಿ

ಜೇವರ್ಗಿ
ಪಂಚಮಿ ಮರುದಿನ

ನರೋಣಾದ ಶಾಂತಲಿಂಗಪ್ಪ ಕಾಕಾರಿಗೆ ನಿಮ್ಮ ಅಣ್ಣನ ಮಗಳು ವಿದ್ಯಾವತಿಯ ಶರಣು.

ಪಂಚಮಿ ಸೀರಿ ಮುಟ್ಟಿತು. ತೀರಿಹೋದ ಅಪ್ಪನ ಹೊಲದಾಗ ನನಗ ಪಾಲು ಬ್ಯಾಡ ಅಂತ ನೀವು ಬರಸಿ ಅದರ ಮಡಿಕ್ಯಾಗ ಇಟ್ಟ ಕಾಗದಾನೂ ಮುಟ್ಟಿತು. ಸಹಿ ಮಾಡಂಗಿಲ್ಲ. ಕೋರ್ಟಿಗೆ ಹೋದರ ಕಲಬುರ್ಗಿಯ ದೊಡ್ಡ ವಕೀಲರನ್ನ ಹಿಡೀತೀನಿ ಅಂತ ಫೋನಿನಾಗ ಹೆದರಿಸೀರಿ.

ಕಾಕಾ, ನಾ ಸಣ್ಣಾಕಿ ಇದ್ದಾಗ ಪಂಚಮಿಗೆ ನಾವಿಬ್ಬರೇ ತೊಗರಿ ಕಾಳು ಪಣಕ್ಕ ಇಟ್ಟು ಇಸ್ಪೀಟ್ ಆಡತಿದ್ದೆವು. ನಿಮ್ಮ ಮುಂದ ರಾಶಿ, ನನ್ನ ಮುಂದ ಒಂದು ಬೊಗಸಿ. ನೀವು ಮುಷ್ಟಿ ಮುಷ್ಟಿ ಸುರೂವತಿದ್ರಿ. ನಾ ಅಂಜಿ, ಚಲೋ ಎಲಿ ಇದ್ದರೂ ಒಗದು ಬಿಡತಿದ್ದೆ. ಒಮ್ಮೆ ನಿಮ್ಮ ಅವ್ವನೇ ನನ್ನ ಕಿವ್ಯಾಗ ಹೇಳಿದಳು: "ಅವನ ರಾಶಿ ನೋಡಬ್ಯಾಡ ಬೇ. ನಿನ್ನ ಮುಂದ ಬೊಗಸಿ ಇದ್ದರ ಅವಗ ಸಿಗೂದೂ ಬೊಗಸಿನೇ. ಉಳಿದ ರಾಶಿ ಸುಮ್ಮ ಕುಂತಿರತದ. ಎಲ್ಲಾ ಒಮ್ಮೆಲೇ ಇಡು." ಇಟ್ಟೆ. ನೀವು ಎಲಿ ಮುಚ್ಚಿ ಒಗದ್ರಿ.

ಆ ಹೊಲ ಈಗ ನನ್ನ ಬೊಗಸಿ. ಪೂರಾ ಇಟ್ಟೇನಿ. ಸೀರಿ ವಾಪಸ್ ಕಳಿಸಾಕತ್ತೇನಿ, ಕಾಕೂಗ ಉಡಸ್ರಿ. ನೀವು ಆಳಂದ ಕೋರ್ಟಿಗೆ ಬರ್ರಿ, ಎಲಿ ತೋರಸ್ರಿ. ಇದ್ದರ.

ಈ ಸಲ ಎಲಿ ಒಗಿಯದ,
ವಿದ್ಯಾವತಿ