ಚಿಲಕವಿಲ್ಲದ ಮನೆಯಿಂದ ಸ್ಮಾರಕ ಕಚೇರಿಗೆ

ನಗರ ಸ್ಮಾರಕ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ಬರುವ ಶುಕ್ರವಾರ ನಮ್ಮ ಬೀದಿಯ ಹಳೆಯ ಬಾಂಬ್ ಆಶ್ರಯದ ಗೋಡೆಗೆ ನೀವು ನನ್ನ ತಾತ ಆಲ್ವಿನ್ ಡಾನೆಬರ್ಗ್ ಹೆಸರಿನ ಫಲಕ ಹೊಡೆಯಲಿದ್ದೀರಿ: ‘ನೂರ ಹನ್ನೆರಡು ಜೀವ ಉಳಿಸಿದ ಕಾವಲುಗಾರ.’ ದಯವಿಟ್ಟು ಹೊಡೆಯಬೇಡಿ.

ನೂರ ಹನ್ನೆರಡು ಮಂದಿ ಬದುಕಿದ್ದು ನಿಜ. ಎರಡನೆಯ ಮಹಾಯುದ್ಧದ ಕೊನೆಯ ಮಾರ್ಚ್‌ನ ಆ ಮಧ್ಯಾಹ್ನ ಬಾಂಬ್ ಬಿದ್ದಾಗ ಅವರು ಆಶ್ರಯದ ಬಾಗಿಲೊಳಗಿದ್ದರು. ಹೊರಗೆ ಉಳಿದವರು ಹನ್ನೊಂದು ಮಂದಿ ಹೆಂಗಸರು. ಉಕ್ರೇನಿನಿಂದ ಹಿಡಿದು ತಂದು ಜಾಮ್ ಕಾರ್ಖಾನೆಯಲ್ಲಿ ದುಡಿಸುತ್ತಿದ್ದವರು. ಅಂಥವರಿಗೆ ಪ್ರವೇಶವಿಲ್ಲವೆಂದು ಬಾಗಿಲ ಮೇಲೇ ಬರೆದಿತ್ತು. ಒಳಗೆ ಜಾಗ ಬೇಕಾದಷ್ಟಿತ್ತು. ನಿಮ್ಮ ಕರಪತ್ರ ಅವರಿಗೆ ಉದಾರವಾಗಿ ಒಂದು ಸಾಲು ದಯಪಾಲಿಸಿದೆ: ‘ಕೆಲವು ಕಾರ್ಮಿಕರೂ ಮೃತರಾದರು, ಹೆಸರುಗಳು ಲಭ್ಯವಿಲ್ಲ.’ ತಾತನ ಅಂಗಿಯ ಅಳತೆಯವರೆಗೆ ಎಲ್ಲ ಹುಡುಕಿದ ನಿಮಗೆ ಇಷ್ಟು ಮಾತ್ರ ಸಿಗದೇ ಹೋಯಿತೇ?

ಯುದ್ಧ ಮುಗಿದ ವಾರವೇ ತಾತ ಮನೆಯ ಚಿಲಕಗಳನ್ನೆಲ್ಲ ಕಿತ್ತುಹಾಕಿದರು. ‘ಕಳ್ಳರಿಗೆ ಇವರದು ಮಾವನ ಮನೆ’ ಎಂದು ನೆರೆಯವರು ನಗುತ್ತಿದ್ದರು. ಬಚ್ಚಲಿಗೆ ಹೋದವರು ಒಳಗಿದ್ದೇವೆಂದು ತಿಳಿಸಲು ಹಾಡಬೇಕಿತ್ತು. ನಾವೂ ನಗುತ್ತಲೇ ಬೆಳೆದೆವು. ಹದಿನಾರನೆಯ ವಯಸ್ಸಿನಲ್ಲಿ ತಾತ ಆಶ್ರಯದ ಬಾಗಿಲಲ್ಲಿ ಬರೆಯುತ್ತಿದ್ದ ಹಾಜರಿ ಪುಸ್ತಕ ನನ್ನ ಕೈಗೆ ಸಿಕ್ಕಿತು. ಕೊನೆಯ ಪುಟದಲ್ಲಿ ಆ ಹನ್ನೊಂದು ಹೆಸರುಗಳಿದ್ದವು, ವಯಸ್ಸಿನ ಸಮೇತ.

“ತಾತ, ಹೊರಗಿದ್ದೋರ ಹೆಸರು ಯಾಕೆ ಬರ್ಕೊಂಡ್ರಿ?”

“ಬಂದೋರ ಹೆಸರು ಬರ್ಕೋಬೇಕು ಅಂತಿತ್ತು ಕಣಮ್ಮ. ಒಬ್ಬೊಬ್ಬರನ್ನೇ ಕೇಳಿ ಬರ್ಕೊಂಡೆ.”

“ಆಮೇಲೆ?”

“ಆಮೇಲೆ ಬಾಗಿಲು ಹಾಕ್ದೆ. ಒಳಗೆ ಬಿಡೋಕೆ ಅಪ್ಪಣೆ ಇರ್ಲಿಲ್ಲ.”

ಹೆಸರು ಬರೆಯಿಸಿದವರು ತಮ್ಮನ್ನು ಒಳಗೆ ಬಿಡುತ್ತಾರೆಂದೇ ನಂಬಿರಬೇಕು.

ಮಾನ್ಯರೇ, ಇಲ್ಲಿಯವರೆಗೆ ನಿಮ್ಮನ್ನು ಹಂಗಿಸಿದೆ. ಈಗ ನನ್ನ ಸರದಿ. ತಾತ ತೀರಿಕೊಂಡ ಮೇಲೆ ನಿಮ್ಮ ಕಚೇರಿ ಆ ಪುಸ್ತಕ ಕೇಳಿತು. ಅಮ್ಮ ಆಲೂಗಡ್ಡೆ ಸುಲಿಯುತ್ತ, ತಲೆ ಎತ್ತದೆ ಹೇಳಿದಳು: “ನಾವು ಇದೇ ಊರಲ್ಲಿ ಬಾಳ್ಬೇಕು ಕಣೇ. ಆ ಪುಟ ಕಿತ್ತಿಟ್ಕೊಂಡು ಪುಸ್ತಕ ಕೊಡು.” ಕಿತ್ತೇ ಕೊಟ್ಟೆ. ಹೆಸರುಗಳು ಲಭ್ಯವಿಲ್ಲದಂತೆ ಮಾಡಿದವಳು ನಾನು. ತಾತ ಅವರನ್ನು ಬರೆದುಕೊಂಡು ಹೊರಗೆ ನಿಲ್ಲಿಸಿದರು. ನಾನು ಬರೆದದ್ದನ್ನೂ ಇಲ್ಲವಾಗಿಸಿದೆ. ನಲವತ್ತು ವರ್ಷ ಆ ಪುಟ ನನ್ನ ಮೇಜುಬಟ್ಟೆಗಳ ಕೆಳಗಿತ್ತು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಫಲಕದಲ್ಲಿ ಆ ಹನ್ನೊಂದು ಹೆಸರುಗಳಿರಲಿ. ಅವುಗಳ ಕೆಳಗೆ, ಇವನ್ನು ಬರೆದುಕೊಂಡು ಬಾಗಿಲು ಹಾಕಿದವರು ಆಲ್ವಿನ್ ಡಾನೆಬರ್ಗ್ ಎಂದಿರಲಿ. ಪುಟವನ್ನು ಇದರೊಂದಿಗೆ ಇಟ್ಟಿದ್ದೇನೆ. ಮೊದಲನೆಯವಳು ಪರಸ್ಕಾ, ವಯಸ್ಸು ಹತ್ತೊಂಬತ್ತು. ತಾತನ ಅಕ್ಷರ ಎಲ್ಲಿಯೂ ನಡುಗಿಲ್ಲ.

ಇಂತಿ,
ಆ ಪುಟ ಹರಿದಿಟ್ಟುಕೊಂಡ ಮೊಮ್ಮಗಳು,
ರೋಸ್ವಿತಾ ಡಾನೆಬರ್ಗ್