ಬಸಣ್ಣನಿಗೆಂದು ಇಟ್ಟ ಗಂಟೆ

ಅಪ್ಪಾ,

ಸೈನ್ಯ ಬಂದಿದೆ, ಇನ್ನು ಹೆದರಬೇಡಿ ಎಂದು ಶಿಬಿರದವರು ಅಂದರು. ಊರಿಗೆ ಬಂದೆವು. ಆಳಂದದ ಕಚೇರಿಯ ಮೇಲೆ ಈಗ ಬೇರೆ ಬಾವುಟ. ನಮ್ಮ ಮನೆಯ ಗೋಡೆ ನಿಂತಿದೆ, ಮಾಳಿಗೆ ಸುಟ್ಟುಹೋಗಿದೆ. ಅವ್ವ ಹೊಸ್ತಿಲ ಮೇಲೆ ಕುಳಿತವಳು ಒಳಗೆ ಕಾಲಿಡಲಿಲ್ಲ. ನಿನ್ನ ಗಂಟೆ ನನ್ನ ಮಡಿಲಲ್ಲೇ ಇದೆ. ಅದನ್ನು ಏನು ಮಾಡಲಿ, ಹೇಳು. ಕೇಳಿದರೆ ಹೇಳುವೆಯಾ ನೀನು?

ಸೋಮವಾರ ಸಂಜೆ ಮಠದಲ್ಲಿ ನಿಮ್ಮ ಮೇಳ ಸಾಲಾಗಿ ಕೂರುತ್ತಿದ್ದುದು ಕಣ್ಣಿಗೆ ಕಟ್ಟಿದಂತಿದೆ. ಎಲ್ಲರೂ ಹೊಲದಿಂದ ಬಂದು ಕೈಕಾಲು ತೊಳೆದು ಕೂತವರೇ. ಒಬ್ಬೊಬ್ಬರ ಕೈಯಲ್ಲಿ ಒಂದೇ ಗಂಟೆ, ಅದಕ್ಕೆ ಒಂದೇ ಸ್ವರ. ವಚನ ಹಾಡುವಾಗ ಆ ಸ್ವರ ಬಂದರೆ ಮಾತ್ರ ಕೈ ಎತ್ತಬೇಕು. ನಿನ್ನದು ಎಲ್ಲಕ್ಕಿಂತ ದಪ್ಪ ದನಿ, ಹಾಡು ಮುಗಿಯುವಾಗ ಒಂದೇ ಸಲ. ಅದು ಕೇಳಿಸಿದ ಮೇಲೆಯೇ ಜನ ಏಳುತ್ತಿದ್ದರು. "ಹಾಡು ಮುಗಿಯೂತನಕ ಕುಂತು ಒಮ್ಮೆ ಬಾರಸಾಕ ಇವರದೇನು ಬಿಂಕರೀ" ಎಂದು ಅವ್ವ ಕೆಣಕಿದರೆ ನೀನು ಮೀಸೆಯೊಳಗೇ ನಗುತ್ತಿದ್ದೆ.

ನೆರೆಮನೆಯ ಬಸಣ್ಣ ಎತ್ತಿನ ಕೊರಳ ಗಂಟೆ ಬಿಚ್ಚಿಕೊಂಡು ನಮ್ಮ ಕಟ್ಟೆಯ ಮೇಲೆ ತಾಲೀಮು ಮಾಡುತ್ತಿದ್ದನಲ್ಲ, ನಿನ್ನ ಗಂಟೆ ಅವನಿಗೇ ಎಂದು ಊರಿಗೆಲ್ಲ ಗೊತ್ತಿತ್ತು. ಗಂಟೆ ಹಿಡಿದವನು ಜೀವ ಇರುವಾಗಲೇ ತನ್ನ ಕೈಯಿಂದ ಇನ್ನೊಬ್ಬನ ಕೈಗೆ ಕೊಡಬೇಕು. ಕೊಡದೆ ಸತ್ತರೆ ಅದನ್ನು ಯಾರೂ ನುಡಿಸುವಂತಿಲ್ಲ. ಶ್ರಾವಣದಲ್ಲಿ ಕೊಡುತ್ತೇನೆ ಅಂದಿದ್ದೆ. ಶ್ರಾವಣ ಬಂದಾಗ ನಾವು ಊರಲ್ಲಿ ಎಲ್ಲಿದ್ದೆವು?

ಬಂದೂಕಿನವರು ಪಕ್ಕದ ಊರು ಸುಟ್ಟರೆಂದು ನಾವು ಗಡಿಯ ಕಡೆ ಹೊರಟ ದಿನ, ನೀನು ಜೋಳದ ಚೀಲ ಬಿಟ್ಟು ಗಂಟೆ ಎತ್ತಿಕೊಂಡೆ. ದಾರಿಯಲ್ಲಿ ಸದ್ದಾಗಬಾರದೆಂದು ನಾನು ಹಳೆಯ ಕುಪ್ಪಸ ಹರಿದು ಅದರ ನಾಲಿಗೆಗೆ ಸುತ್ತಿದೆ. "ನೀವು ಮುಂದ ನಡೀರಿ ಕಾಕಾ, ಎತ್ತು ಬಿಚ್ಚಿಬಿಟ್ಟು ಬರ್ತೇನಿ" ಅಂದಿದ್ದ ಬಸಣ್ಣ.

ಸೊಲ್ಲಾಪುರದ ಶಿಬಿರದಲ್ಲಿ ಜ್ವರ ಏರಿದಾಗ ನಿನ್ನದು ಅದೊಂದೇ ಮಾತು. "ಬಸ್ಯಾ ಬಂದನೇನ ಬೇ?"

"ಬರ್ತಾನ, ಮಲಕ್ಕೋ ಅಪ್ಪಾ."

ಮೇಳದ ಗುರಪ್ಪ ಕಾಕಾ ಕೈ ಚಾಚಿ ಬೇಡಿಕೊಂಡರು. "ನನ್ನ ಕೈಯಾಗರ ಕೊಡೋ ಮಾರಾಯಾ, ಆಮ್ಯಾಲ ನಾ ಅವಗ ಕೊಡ್ತೇನಿ." ನೀನು ಒಲ್ಲೆ ಅಂದೆ. ಎಂಥ ಹಟವೋ ನಿನ್ನದು. ನಿನ್ನನ್ನು ಮಣ್ಣು ಮಾಡುವಾಗ ಗಂಟೆಯನ್ನೂ ಜೊತೆಗಿಡೋಣ ಅಂದರು. ನಾನೇ ಬಿಡಲಿಲ್ಲ, ನಾಳೆ ಅವನು ಬಂದರೆ ಏನು ಹೇಳುವುದು? ಎಲ್ಲಿ ಹಾಳಾಗಿ ಹೋದನೋ ಎಂದು ದಿನವೂ ಅವನನ್ನು ಬೈಯುತ್ತಿದ್ದೆ. ನಿನ್ನ ಮೇಲಿನ ಸಿಟ್ಟೆಲ್ಲ ಅವನ ಮೇಲೆ...

ನಾವು ಬಂದ ಮರುದಿನವೇ ಸೋಮವಾರ. ಮಠಕ್ಕೆ ಹೋದರೆ ಮೇಳದಲ್ಲಿ ಉಳಿದವರು ಗುರಪ್ಪ ಕಾಕಾ ಮತ್ತು ಇನ್ನಿಬ್ಬರು. ತಮ್ಮ ಸ್ವರ ಬಂದಾಗ ಬಾರಿಸಿದರು, ಇಲ್ಲದವರ ಸ್ವರ ಬಂದಲ್ಲಿ ಕಾದರು. ಹಾಡು ಮುಗಿಯಿತು. ಯಾರೂ ಏಳಲಿಲ್ಲ ಅಪ್ಪಾ. ನಿನ್ನ ಗಂಟೆಗೆ ಕಿವಿಗೊಟ್ಟು ಕೂತೇ ಇದ್ದರು. ಕಡೆಗೆ ಗುರಪ್ಪ ಕಾಕಾ ತಲೆ ಎತ್ತದೆ, "ಮುಗೀತ್ರೀ, ಏಳ್ರಿ" ಎಂದು ಬಾಯಿಬಿಟ್ಟು ಹೇಳಬೇಕಾಯಿತು.

ಆಗಲೂ ಏಳದೆ ಕೂತವಳು ಬಸಣ್ಣನ ಅವ್ವ. ಹತ್ತಿರ ಹೋಗಿ ಅವನೆಲ್ಲಿ ಎಂದು ಕೇಳಿದೆ. ನನ್ನ ಮಡಿಲಿನ ಗಂಟೆ ಮುಟ್ಟಿ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಳು. "ನೀವು ಹ್ವಾದ ದಿನಾನೇ ಅವ್ವಾ. ಕೊಟಗಿ ಮುಂದ. ಎತ್ತಿನ ಹಗ್ಗ ಇನ್ನಾ ಕೈಯಾಗೇ ಇತ್ತು."

ನೀನು ಬಾಗಿಲ ಕಡೆ ಮುಖ ಮಾಡಿ ಮಲಗಿದ್ದಷ್ಟು ದಿನವೂ ಅವನು ಮಣ್ಣಿನಲ್ಲಿದ್ದ. ನಾನು ಬೈದ ದಿನಗಳಲ್ಲೂ.

ಗಂಟೆಗೆ ಸುತ್ತಿದ ಅರಿವೆಯನ್ನು ಇನ್ನು ಬಿಚ್ಚುವುದಿಲ್ಲ, ನನ್ನ ಮಾತಿದು. ಅವನು ನಿನಗಿಂತ ಮೊದಲೇ ಅಲ್ಲಿಗೆ ಬಂದಿದ್ದಾನೆ ಅಪ್ಪಾ, ಸಿಕ್ಕೇ ಸಿಗುತ್ತಾನೆ. ಸಿಕ್ಕು, ಕೈ ಚಾಚಿದರೆ, ಏನು ಕೊಡುವೆ? ಗಂಟೆ ಇಲ್ಲಿ ನನ್ನ ಹತ್ತಿರ ಉಳಿಯಿತು.