ಮೊಂಡಿಯ ಬಲಗೈ

ಮಾರ್ಚ್ ೪, ಸಂಜೆ

ಕೈ ತೊಳೆದರೂ ಉಗುರಿನ ಸಂದಿಯಲ್ಲಿ ಪಿಂಗಾಣಿ ಪುಡಿ. ಇವತ್ತು ಕಟ್ಟುಹಲ್ಲು ಮಾಡುವ ನಮ್ಮ ಲ್ಯಾಬಿನಲ್ಲಿ ಎರಡು ದವಡೆ ಹಲ್ಲು, ಒಂದು ಮುಂದಿನ ಹಲ್ಲು. ಮುಂದಿನದರ ಬಣ್ಣ ಕೊನೆಗೂ ಕೂತಿತು. ಡೆಂಟಿಸ್ಟ್ ಫೋನ್ ಮಾಡಿ "ಪರವಾಗಿಲ್ಲ" ಎಂದರು. ಅವರ ಬಾಯಲ್ಲಿ ಅದೇ ದೊಡ್ಡ ಹೊಗಳಿಕೆ.

ಕೆಳಗಿನಿಂದ ಕುಟ್ಟುವ ಸದ್ದು. ಅಕ್ಕ ಪೊರಕೆಯ ಹಿಡಿಯಿಂದ ತನ್ನ ಮನೆಯ ಛಾವಣಿಗೆ ಕುಟ್ಟಿದರೆ ನಾನು ಇಳಿದು ಬರಬೇಕೆಂದು ಅರ್ಥ. ಛಾವಣಿ ಅವಳದು, ನೆಲ ನನ್ನದು. ಈಗ ಎಡಗೈಯಲ್ಲಿ ಕುಟ್ಟುತ್ತಾಳೆ, ಬೆಕ್ಕು ಕೆರೆದ ಹಾಗೆ ಕೇಳಿಸುತ್ತದೆ.

ಹೋದೆ. ಸೋಫಾದ ಮೇಲೆ ಬಲಗೈ ಪ್ಲಾಸ್ಟರನ್ನು ದಿಂಬಿನ ಮೇಲಿಟ್ಟುಕೊಂಡು ಮಹಾರಾಣಿ ಭಂಗಿ. ತಾನು ಬಟ್ಟೆ ಕತ್ತರಿಸುವ ಯೂನಿಫಾರ್ಮ್ ಅಂಗಡಿಯ ಮೆಟ್ಟಿಲಲ್ಲಿ ಜಾರಿದ್ದು, ಬಟ್ಟೆಯ ಥಾನು ಬಿಡದೆ ಮಣಿಕಟ್ಟು ಮುರಿದುಕೊಂಡದ್ದು. ಥಾನಿಗೆ ಏನೂ ಆಗಲಿಲ್ಲ.

"ಶುಕ್ರವಾರ ಬರುತ್ತೆ ಕಣೇ" ಎಂದಳು. ಎಕ್ಸ್‌ಪ್ಯಾನ್ಶನ್. ನಮ್ಮ ವಿಡಿಯೋ ಆಟಕ್ಕೆ ಹೊಸ ನಾಡು, ಹೊಸ ರಾಕ್ಷಸರು. ವರ್ಷಗಟ್ಟಲೆ ಕಾದಿದ್ದಾಳೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಹಲ್ಲಾದರೆ ನಾನು ಮಾಡಿಕೊಡಬಹುದಿತ್ತು.

ಬೀರುವಿನ ಮೇಲೆ ಅವಳ ದೊಡ್ಡ ಕತ್ತರಿ ಬಟ್ಟೆ ಸುತ್ತಿಕೊಂಡು ಕೂತಿದೆ. ಅವಳು ಅತ್ತ ನೋಡುವುದಿಲ್ಲ. ನೋಡುವುದಿಲ್ಲ ಎಂಬುದು ಗೊತ್ತಾಗುವಷ್ಟು ನೋಡುವುದಿಲ್ಲ.

ಮಾರ್ಚ್ ೮, ಸಂಜೆ

ಬಂತು!

ಡೌನ್‌ಲೋಡ್ ಮುಗಿಯುವುದರೊಳಗೆ ಭಾವನ ಅಡುಗೆಯೇ ಮುಗಿಯಿತು. ಹೊಸ ನಾಡು ಪೂರ್ತಿ ಉಪ್ಪು. ಒಣಗಿದ ಸಮುದ್ರ, ಮಗುಚಿದ ಹಡಗುಗಳು, ನಡೆದರೆ ಕಾಲಡಿ ಕರಕರ. ಬಯಲಿನ ನಡುವೆ ಮೊಂಡಿ ನಿಂತಿದ್ದಳು.

ಮೊಂಡಿ ಅಕ್ಕನ ಪಾತ್ರ. ಎಲ್ಲರೂ ಚೆಂದದ ಮುಖ ಆರಿಸಿದರೆ ಅಕ್ಕ ಇದ್ದದ್ದರಲ್ಲೇ ಮುದಿ ಮುಖ ಆರಿಸಿದ್ದಳು. ದಪ್ಪ ತೋಳು, ಬಿಳಿ ಜುಟ್ಟು, ಆಳೆತ್ತರದ ಕತ್ತಿ.

ಅಕ್ಕ ಎಡಗೈಯಲ್ಲಿ ಕಂಟ್ರೋಲರ್ ಹಿಡಿದಳು. ಮೊಂಡಿ ನಡೆದಳು. ಏಡಿಯಂಥದ್ದೊಂದು ಬಂತು. ಮೊಂಡಿ ನಡೆಯುತ್ತಲೇ ಇದ್ದಳು. ಹೊಡೆಯುವ ಗುಂಡಿಗಳೆಲ್ಲ ಬಲಗಡೆ. ಮೊಂಡಿ ಸತ್ತಳು.

"ಕೊಡು, ನಾನಾಡ್ತೀನಿ. ನೀನು ಹೇಳ್ತಾ ಹೋಗು" ಎಂದೆ.

"ಯಾಕೆ? ಮೊಂಡಿ ನನ್ನವಳು. ನೀನು ಆಡೋದು, ನಾನು ಬಾಯಿ ಬಿಟ್ಕೊಂಡು ನೋಡೋದಾ?"

ಚಿಕ್ಕಂದಿನಿಂದ ನಾನು ಮಾಡಿದ್ದು ಅದನ್ನೇ ಅಲ್ಲವೇ! ಅವಳು ಆಡುವುದು, ನಾನು ನೋಡುವುದು. "ಒಂದೇ ಒಂದು ಸಲ ಕೊಡೇ" ಎನ್ನುವುದು, "ಇರು, ಇದೊಂದು ಮುಗೀಲಿ" ಎನ್ನುವುದು. ಅದೊಂದು ಇವತ್ತಿಗೂ ಮುಗಿದಿಲ್ಲ. ಕೊನೆಗೆ ಅವಳೇ ಸರಿದು ಜಾಗ ಮಾಡಿದಳು.

"ಬಾ, ಅಂಟ್ಕೊಂಡು ಕೂರು. ಎಡಗಡೆ ನಾನು. ಬಲಗಡೆ ನೀನು."

ಒಂದು ಕಂಟ್ರೋಲರ್, ಎರಡು ಮೊಣಕಾಲಿನ ನಡುವೆ. ನಡಿಗೆ ಅವಳದು, ಏಟು ನನ್ನದು. ಅವಳು ಓಡಿಸಿದಾಗ ನಾನು ಕತ್ತಿ ಬೀಸಿದೆ, ನಾನು ಉರುಳಿಸಿದಾಗ ಅವಳು ಎಡಕ್ಕೆ ತಿರುಗಿಸಿದಳು. ಮೊಂಡಿ ಹಡಗಿನ ಮೇಲಿನಿಂದ ನೇರ ಕೆಳಗೆ.

"ಎತ್ತು ಏರಿಗೆ, ಕೋಣ ನೀರಿಗೆ" ಎಂದರು ಭಾವ ಅಡುಗೆಮನೆಯಿಂದ.

"ಕೋಣ ಯಾರು?" ಇಬ್ಬರೂ ಒಟ್ಟಿಗೆ ಕೇಳಿದೆವು. ಭಾವ ಲಿಫ್ಟ್ ಮೆಕ್ಯಾನಿಕ್. ಯಾವ ಮಹಡಿಯಲ್ಲಿ ಬಾಗಿಲು ತೆರೆಯಬಾರದು ಎಂಬುದು ಅವರಿಗೆ ಗೊತ್ತು.

ಮಾರ್ಚ್ ೧೦

ಭಾನುವಾರ. ಇಡೀ ಮಧ್ಯಾಹ್ನ ಉಪ್ಪಿನ ಬಯಲಲ್ಲಿ. ಈಗ ನಮ್ಮದೇ ಭಾಷೆ ಇದೆ. "ಒಳಗೆ" ಎಂದರೆ ನಾನು ಶತ್ರುವಿನ ಕಡೆಗೆ ಉರುಳಿಸುತ್ತೇನೆ, "ಹೊರಗೆ" ಎಂದರೆ ದೂರಕ್ಕೆ. ಔಷಧಿ ಕುಡಿಸುವ ಗುಂಡಿ ಅವಳ ಕಡೆಗಿದೆ. ಅವಳೋ ಮಹಾ ಜಿಪುಣಿ, ಕೊನೆಯ ಉಸಿರಿನವರೆಗೂ ಕುಡಿಸುವುದಿಲ್ಲ.

"ಔಷಧಿ ಕುಡಿ! ಅಕ್ಕಾ, ಔಷಧಿ ಕುಡೀ! ಸಾಯ್ತೀಯ!" ಎಂದು ಕಿರುಚಿದೆ.

ಭಾವ ಒಂದು ಕೈಯಲ್ಲಿ ನೋವಿನ ಮಾತ್ರೆ, ಇನ್ನೊಂದರಲ್ಲಿ ನೀರಿನ ಲೋಟ ಹಿಡಿದು ಓಡಿಬಂದರು. ಅಕ್ಕ ಟೀವಿಯಿಂದ ಕಣ್ಣು ತೆಗೆಯದೆ ಬಾಯಿ ತೆರೆದಳು, ನುಂಗಿದಳು, ನೀರು ಕುಡಿದಳು. ಮೊಂಡಿ ಸತ್ತಳು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಇಷ್ಟು ಹಾಯಾದ ಭಾನುವಾರ ಯಾವಾಗ ಕಳೆದಿದ್ದೆನೋ ನೆನಪಿಲ್ಲ.

ಮಾರ್ಚ್ ೧೩

ಉಪ್ಪಿನ ರಾಣಿ ಸಿಕ್ಕಳು. ಈ ನಾಡಿನ ಒಡತಿ. ಅವಳನ್ನು ಗೆದ್ದರೆ ಹೊಸ ಭಾಗ ಮುಗಿದ ಹಾಗೆ. ಮಾತು ಸಕ್ಕರೆ, ಏಟು ನೇರ ಸ್ಮಶಾನಕ್ಕೆ. ಹತ್ತಿರ ಬಂದು ನಗುತ್ತಾಳೆ. ಮುಂದಿನ ಹಲ್ಲುಗಳೆಲ್ಲ ಒಂದೇ ಅಚ್ಚಿನವು. ನಮ್ಮ ಲ್ಯಾಬಿನಲ್ಲಿ ಅಂಥ ಕೆಲಸ ಕೊಟ್ಟರೆ ವಾಪಸ್ ಕಳಿಸುತ್ತಾರೆ.

ಅಕ್ಕ ಹೊಡೆಯಲು ಬಿಡುವುದಿಲ್ಲ. ರಾಣಿಯ ಸುತ್ತ ಸುಮ್ಮನೆ ಓಡಾಡಿಸುತ್ತಾಳೆ.

"ಏನ್ ಮಾಡ್ತಿದೀಯ?"

"ಅಳತೆ ತಗೋತಿದೀನಿ. ಅಳತೆ ಇಲ್ದೆ ಕತ್ತರಿ ಹಾಕ್ಬಾರ್ದು."

ಕಟಿಂಗ್ ಮಾಸ್ಟರ್ ಬುದ್ಧಿ. ಒಂದು ಸಂಜೆಯೆಲ್ಲ ಏಟು ತಿನ್ನುತ್ತಾ ಅಳತೆ. ಕೊನೆಗೆ ಸಿಕ್ಕಿತು: "ನೋಡು, ದೊಡ್ಡ ಏಟಿಗೆ ಮುಂಚೆ ಎಡ ತೋಳು ಎತ್ತುತ್ತಾಳೆ. ಕಂಕುಳಲ್ಲಿ ಬಿಗಿ ಹೊಲ್ದಿದಾರೆ, ಅದಕ್ಕೇ ನಿಧಾನ. ಆಗ ಒಳಗೆ ನುಗ್ಗು." ನುಗ್ಗಿದೆ. ರಾಣಿಗೆ ಮೊದಲ ಸಲ ನೋವಾಯಿತು.

ಹೊರಡುವಾಗ ಬಾಗಿಲಲ್ಲಿ ಕೇಳಿದಳು, ಮುಖ ಆ ಕಡೆ ಮಾಡಿ: "ದೊಡ್ಡ ಕತ್ತರಿ ಹಿಡಿಯೋಕೆ ಆಗ್ದೇ ಹೋದ್ರೆ ಏನ್ ಮಾಡ್ಲಿ ನಾನು?" ಆಗುತ್ತೆ ಬಿಡು ಎಂದೆ. ನನಗೇನು ಗೊತ್ತು! ಅಂಗಡಿಯಲ್ಲಿ ಬದಲಿ ಕಟ್ಟರ್ ಬಂದು ಕೂತಿದ್ದಾನಂತೆ. ಬಟ್ಟೆ ಹಾಳು ಮಾಡುತ್ತಾನಂತೆ. ಅದನ್ನು ಹೇಳುವಾಗ ಮಾತ್ರ ಸ್ವಲ್ಪ ಖುಷಿ.

ಮಾರ್ಚ್ ೨೧

ಪ್ಲಾಸ್ಟರ್ ತೆಗೆದರು. ಒಳಗಿನಿಂದ ಬಂದ ಕೈ ಅವಳದಲ್ಲ ಎನ್ನುವಷ್ಟು ತೆಳ್ಳಗೆ. ಮುಷ್ಟಿ ಕಟ್ಟಲು ಬರುವುದಿಲ್ಲ. ಫಿಜಿಯೋ ಮೇಡಂ ಒಂದು ರಬ್ಬರ್ ಚೆಂಡು ಕೊಟ್ಟಿದ್ದಾರೆ. ಹಿಸುಕಬೇಕು, ದಿನವೂ, ನೋವಾದರೂ.

ಸಂಜೆ ಎಂದಿನಂತೆ ಆಟ. ಎಡಗಡೆ ಅವಳು, ಬಲಗಡೆ ನಾನು. ಚೆಂಡು ಸೋಫಾದ ಕೆಳಗೆ ಉರುಳಿ ಹೋಗಿತ್ತು. ಯಾರೂ ಹುಡುಕಲಿಲ್ಲ.

ಮಾರ್ಚ್ ೨೭

ಭಾವನಿಗೆ ಡ್ಯೂಟಿ ಇತ್ತು, ಫಿಜಿಯೋ ಹತ್ತಿರ ನಾನೇ ಕರೆದುಕೊಂಡು ಹೋದೆ. ಮೇಡಂ ಕೈ ಬಗ್ಗಿಸಿದರು, ಅಕ್ಕ ಹಲ್ಲು ಕಚ್ಚಿದಳು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

"ಮೂಳೆ ಚೆನ್ನಾಗಿ ಕೂಡಿದೆ. ಆದ್ರೆ ಕೈಗೆ ಕೆಲಸಾನೇ ಇಲ್ವಲ್ಲ. ಮನೇಲಿ ಎಲ್ಲಾ ಬೇರೆಯವರೇ ಮಾಡಿಕೊಡ್ತಾರಾ? ಹೀಗೇ ಬಿಟ್ರೆ ಬಿಗಿದುಕೊಂಡುಬಿಡುತ್ತೆ. ಆಮೇಲೆ ಕತ್ತರಿ ಮಾತು ಕಷ್ಟ."

ಬೇರೆಯವರು ಎಂದರೆ ನಾನು. ಅವಳ ಬಲಗೈ ನಾನೇ ಆಗಿಬಿಟ್ಟಿದ್ದೇನೆ. ಅದೂ ಎಂಥ ಖುಷಿಯಿಂದ! ಲ್ಯಾಬಿನಲ್ಲಿ ಮಧ್ಯಾಹ್ನದಿಂದಲೇ ಗಡಿಯಾರ ನೋಡುತ್ತೇನೆ. ಜೀವಮಾನದಲ್ಲಿ ಮೊದಲ ಸಲ ಅಕ್ಕ ಸರಿದು ಜಾಗ ಕೊಟ್ಟಿದ್ದಾಳೆ. ಆ ಜಾಗ ಬಿಡಲು ಮನಸ್ಸಿಲ್ಲ.

ಬಿಡಬೇಕು.

ಮಾರ್ಚ್ ೨೮

ಹೇಳಿ ನೋಡಿದೆ. "ಇವತ್ತು ನೀನೇ ಎರಡೂ ಕಡೆ ಹಿಡಿ" ಎಂದೆ.

"ನೋಯುತ್ತೆ."

"ಸ್ವಲ್ಪ ಹೊತ್ತು."

"ನಾಳೆ ನೋಡೋಣ. ರಾಣಿ ಕಾಯ್ತಿದಾಳೆ, ನಡಿ."

ಶುರು ಮಾಡಿದೆವು. ಎಂದಿಗಿಂತ ಚೆನ್ನಾಗಿ ಹೋಯಿತು. ರಾಣಿಯ ಜೀವ ಒಂದು ಗೆರೆ ಉಳಿದಿತ್ತು. ಎಡ ತೋಳು ಎತ್ತಿದಳು. "ಒಳಗೆ!" ಎಂದು ಅಕ್ಕ ಕೂಗಿದಳು.

ಕಂಟ್ರೋಲರಿನಿಂದ ಕೈ ತೆಗೆದೆ.

ಅಕ್ಕ ನನ್ನನ್ನು ನೋಡಿದಳು, ಟೀವಿಯನ್ನಲ್ಲ. ಅವಳ ಬಲಗೈ ದಿಂಬಿನಿಂದ ಎದ್ದು, ಗಾಳಿಯಲ್ಲಿ ನಿಂತು, ಮತ್ತೆ ದಿಂಬಿಗೆ ಹೋಯಿತು. ಮೊಂಡಿ ಸತ್ತಳು.

"ಬೇಕಂತ ಮಾಡ್ದೆ ನೀನು."

"ಹೂಂ."

"ಎದ್ದು ಹೋಗು."

ಹೋದೆ.

ಏಪ್ರಿಲ್ ೬

ಕೆಳಗಿನಿಂದ ಕುಟ್ಟುವ ಸದ್ದಿಲ್ಲ. ಬೆಕ್ಕು ಕೆರೆದಷ್ಟೂ ಇಲ್ಲ. ಮೆಟ್ಟಿಲಲ್ಲಿ ಎದುರಾದರೆ "ಊಟ ಆಯ್ತಾ?" ಎನ್ನುತ್ತಾಳೆ, ಬಾಡಿಗೆದಾರರನ್ನು ಕೇಳುವ ಹಾಗೆ. ಇವತ್ತು ಒಂದು ಹಲ್ಲು ಎರಡು ಸಲ ಒಡೆದೆ. ತಪ್ಪು ಮಾಡಿದೆನೇ? ಇನ್ನೊಂದು ರೀತಿಯಲ್ಲಿ ಹೇಳಬಹುದಿತ್ತೇನೋ. ಅವಳು ಕೇಳುತ್ತಿದ್ದಳೇ? ಮೊಂಡಿ ಎಂದು ಹೆಸರಿಟ್ಟವಳು ಯಾರು ಮತ್ತೆ.

ಏಪ್ರಿಲ್ ೧೩

ಭಾವ ಮೇಲೆ ಬಂದರು. ಚಪ್ಪಲಿಯಿಲ್ಲದೆ, ಕಳ್ಳ ಹೆಜ್ಜೆ.

"ನಾನು ಹೇಳ್ದೆ ಅಂತ ಹೇಳ್ಬೇಡ. ಅವಳು ಫಿಜಿಯೋಗೆ ಹೋಗಿದಾಳೆ. ಬಂದು ಒಂದ್ಸಲ ನೋಡು."

ಆಟ ತೆರೆದರು. ಮೊಂಡಿ ರಾಣಿಯ ಬಾಗಿಲ ಮುಂದೆ ನಿಂತಿದ್ದಳು. ಬೆನ್ನ ಮೇಲೆ ಆಳೆತ್ತರದ ಕತ್ತಿ ಇರಲಿಲ್ಲ. ಕೈಯಲ್ಲೊಂದು ಗೇಣುದ್ದದ ಚಾಕು.

ತಕ್ಷಣ ಅರ್ಥವಾಯಿತು. ದೊಡ್ಡ ಕತ್ತಿಗೆ ಗುಂಡಿ ಒಮ್ಮೆ ಒತ್ತಿದರೆ ಸಾಕು. ಚಾಕುವಿಗೆ ಒತ್ತುತ್ತಲೇ ಇರಬೇಕು, ಹೆಬ್ಬೆರಳು ಬಿದ್ದುಹೋಗುವ ತನಕ.

"ದಿನಾ ಬೆಳಿಗ್ಗೆ, ನೀನು ಲ್ಯಾಬಿಗೆ ಹೋದ್ಮೇಲೆ" ಎಂದರು ಭಾವ. "ಬೈತಾಳೆ, ಅಳ್ತಾಳೆ, ಮತ್ತೆ ಆಡ್ತಾಳೆ. ಬೈಗುಳ ಎಲ್ಲಾ ನಿನಗೇ."

ಸೋಫಾ ಪಕ್ಕದ ಮೇಜಿನ ಮೇಲೆ ರಬ್ಬರ್ ಚೆಂಡು. ಒಂದು ಕಡೆ ಚಪ್ಪಟೆಯಾಗಿದೆ. ಅದನ್ನು ಹಿಡಿದುಕೊಂಡು ಅತ್ತುಬಿಟ್ಟೆ. ಸಂತೋಷಕ್ಕೇ. ಭಾವ ಏನು ಮಾಡಬೇಕೋ ತಿಳಿಯದೆ ನೀರಿನ ಲೋಟ ತಂದು ಕೊಟ್ಟರು. ಅವರ ಹತ್ತಿರ ಎಲ್ಲದಕ್ಕೂ ಒಂದೇ ಔಷಧಿ.

ಮೇ ೨

ಅಕ್ಕ ಅಂಗಡಿಗೆ ಹೋಗಿ ಬಂದಳು! ಅರ್ಧ ದಿನ. ಮೊದಲು ಕಾಲರ್, ಆಮೇಲೆ ಜೇಬು, ಚಿಕ್ಕ ಕತ್ತರಿಯಲ್ಲಿ. ದೊಡ್ಡದನ್ನು ಕೊನೆಗೆ ಹಿಡಿದಳಂತೆ, ಒಂದೇ ಒಂದು ಪದರ ಬಟ್ಟೆಗೆ. ಗೆರೆ ಸ್ವಲ್ಪ ಓರೆಯಾಯಿತಂತೆ. ಬದಲಿಯವನ ನೇರ ಗೆರೆಗಿಂತ ಅದೇ ನೇರವಾಗಿತ್ತಂತೆ. ಯಾರು ಹೇಳಿದ್ದು ಎಂದು ಕೇಳಿದರೆ, "ನಾನೇ."

ಇದನ್ನು ಹೇಳಲು ತಾನೇ ಮೆಟ್ಟಿಲು ಹತ್ತಿ ಬಂದಿದ್ದಳು. ನನ್ನ ಕುರ್ಚಿಯಲ್ಲಿ ಕೂತು, ನನ್ನ ಟೀ ಕುಡಿದು, ಕೊನೆಗೆ ಹೇಳಿದಳು:

"ಅವತ್ತು ಕೈ ತೆಗೆದೆಯಲ್ಲ... ಕಪಾಳಕ್ಕೆ ಹೊಡೀಬೇಕು ಅನ್ನಿಸ್ತು ಕಣೇ. ಹೊಡೆಯೋಕೂ ಆ ಕೈಯೇ ಬೇಕಿತ್ತಲ್ಲ!"

"ಈಗ ಸರಿಯಾಗಿದೆಯಲ್ಲ, ಹೊಡಿ" ಎಂದೆ.

ಹೊಡೆಯಲಿಲ್ಲ. ಬಲಗೈಯಿಂದ ನನ್ನ ಕಿವಿ ಹಿಂಡಿದಳು. ಹಿಡಿತ ಬಿಗಿಯಾಗಿತ್ತು. ನೋಯಿತು, ಚೆನ್ನಾಗಿ ನೋಯಿತು. ಈಗಲೂ ಕಿವಿ ಮುಟ್ಟಿ ನೋಡಿಕೊಂಡು ನಗುತ್ತಿದ್ದೇನೆ.

ರಾಣಿಯ ವಿಷಯ ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಒಬ್ಬಳೇ ಮುಗಿಸಿರಬೇಕು. ಮುಗಿಸಲಿ, ಮೊಂಡಿ ಅವಳವಳು. ನಾನು ಮೊದಲಿನ ಹಾಗೆ ಪಕ್ಕದಲ್ಲಿ ಕೂತು ನೋಡುತ್ತೇನೆ. ಸ್ವಲ್ಪ ಬೇಸರವಿದೆ. ಸ್ವಲ್ಪವೇ.

ಮೇ ೪, ಸಂಜೆ ಆರು

ಭಾವ ಹೇಳಿದರು, ರಾಣಿ ಇನ್ನೂ ಬದುಕಿದ್ದಾಳೆ. ನಿನ್ನೆ ಬೆಳಿಗ್ಗೆ ಒಂದು ಗೆರೆ ಜೀವ ಉಳಿದಿತ್ತು, ಎಡ ತೋಳು ಎತ್ತಿದ್ದಳು. ಅಕ್ಕ ಅಲ್ಲಿಗೇ ನಿಲ್ಲಿಸಿ ಟೀವಿ ಆರಿಸಿದಳಂತೆ. ಕೈ ನೋವಾ ಎಂದು ಕೇಳಿದರೆ, ಇಲ್ಲ ಎಂದಳಂತೆ.

ಕುಟ್ಟುತ್ತಿದ್ದಾಳೆ. ಬೆಕ್ಕಲ್ಲ ಇದು, ನೆಲವೇ ಅದುರುವ ಹಾಗೆ. ಟೇಬಲ್ಲಿನ ಮೇಲಿನ ಲೋಟ ಸದ್ದು ಮಾಡುತ್ತಿದೆ.

ಕಿಟಕಿಯಿಂದ ಬಗ್ಗಿ "ಏನೇ?" ಎಂದೆ. ಕೆಳಗಿನ ಕಿಟಕಿಯಿಂದ ಅವಳ ತಲೆ ಹೊರಗೆ ಬಂತು.

"ಬಾರೇ ಬೇಗ! ಈ ಸಲ ಬಲಗಡೆ ನಾನು. ಎಡಗಡೆ ನೀನು. ನಡೆಸೋಕೆ ಬರುತ್ತಾ?"

ಬರುತ್ತೆ ಎಂದುಬಿಟ್ಟೆ. ಎಲ್ಲಿಂದ ಬರಬೇಕು, ಇಷ್ಟು ದಿನ ನಡೆಸಿದವಳು ಅವಳು. ಬೀಳಿಸಿದರೆ ಬೈಯಲಿ. ಔಷಧಿಯ ಗುಂಡಿ ಈಗ ನನ್ನ ಕಡೆಗೆ, ನಾನಂತೂ ಜಿಪುಣತನ ಮಾಡುವುದಿಲ್ಲ... ಮತ್ತೆ ಕುಟ್ಟಿದಳು. ಇನ್ನೊಂದು ಸಲ ಕುಟ್ಟಿದರೆ ಪೊರಕೆ ನನ್ನ ನೆಲ ತೂರಿಕೊಂಡೇ ಬರುತ್ತದೆ. ಬಂದೆ ಅಕ್ಕಾ, ಬಂ—